ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರ ರಸೀದಿ ಕಾಣಿಸ್ತಿದೆ, ಎಲ್ಲಿ ಹುಡುಕೋದು?

ಶುಲ್ಕಪುಸ್ತಕ
ಶಾಲೆಗಳ ಫೀಸು ಕಟ್ಟಿಸಿಕೊಳ್ಳೋ ವೆಬ್ ಆ್ಯಪ್. ನೋಡ್‌ಜೆಎಸ್ 20, ಎಕ್ಸ್‌ಪ್ರೆಸ್, ಸರ್ವರ್‌ನಲ್ಲೇ ಇಜೆಎಸ್ ಟೆಂಪ್ಲೇಟ್‌ನಿಂದ ಪುಟ ತಯಾರಾಗುತ್ತೆ. ಹಿಂದೆ ಡೇಟಾಬೇಸ್ ಪೋಸ್ಟ್‌ಗ್ರೆಸ್ 15, ನಡುವೆ ಡೇಟಾಬೇಸ್ ಕನೆಕ್ಷನ್‌ಗಳನ್ನ ಹಂಚಿಕೊಡೋ ಪಿಜಿಬೌನ್ಸರ್, ಮುಂದೆ ವೆಬ್ ಸರ್ವರ್ ಎಂಜಿನ್‌ಎಕ್ಸ್. 60 ಶಾಲೆಗಳು ಒಂದೇ ಡೇಟಾಬೇಸ್‌ನಲ್ಲಿವೆ, ಪ್ರತಿ ಟೇಬಲ್‌ನಲ್ಲೂ ಶಾಲಾ_ಐಡಿ ಕಾಲಂ ಇದೆ.

ತೊಂದರೆ ಬರೋದು ಫೀಸಿನ ಕೊನೇ ದಿನ, ಸಂಜೆ ಹೊತ್ತು. ಪೋಷಕರು ಲಾಗಿನ್ ಆದರೆ ಮೇಲ್ಗಡೆ ಬೇರೆ ಯಾರದೋ ಹೆಸರು, ಅಪರೂಪಕ್ಕೆ ಬೇರೆಯವರ ರಸೀದಿ ಪಟ್ಟಿ. ರಿಫ್ರೆಶ್ ಮಾಡಿದರೆ ಸರಿಹೋಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಏನೇ ಮಾಡಿದರೂ ಮರುಕಳಿಸಲ್ಲ. ಎಲ್ಲ ಕ್ವೆರಿಯಲ್ಲೂ ಶಾಲಾ_ಐಡಿ ಮತ್ತು ಪೋಷಕರ ಐಡಿಯ ವೇರ್ (ಯಾವ ಸಾಲು ಬೇಕು ಅನ್ನೋ ಷರತ್ತು) ಇದೆ, ಎರಡು ಸುತ್ತು ನೋಡಿದ್ದಾಗಿದೆ. ಎಲ್ಲಿ ಹುಡುಕಬೇಕು? ಶಾಲೆಗೊಂದು ಡೇಟಾಬೇಸ್ ಮಾಡಿಬಿಟ್ಟರೆ ನಿಲ್ಲುತ್ತಾ?

ಕಾಫಿ_ಕಂಪೈಲರ್
ಶಾಲೆಗೊಂದು ಡೇಟಾಬೇಸ್. ಕಣ್ಮುಚ್ಚಿ ಮಾಡಿ. ಒಂದೇ ಟೇಬಲ್‌ನಲ್ಲಿ 60 ಶಾಲೆ ತುಂಬಿದಾಗಲೇ ತಪ್ಪು ಶುರುವಾಯ್ತು.

ತುಂಗಾತೀರ
ಅವಸರ ಬೇಡ. ಗದ್ದಲದ ಹೊತ್ತಲ್ಲಿ ಮಾತ್ರ ಬರುತ್ತೆ, ರಿಫ್ರೆಶ್‌ಗೆ ಹೋಗುತ್ತೆ, ಒಬ್ಬರೇ ಕೂತು ನೋಡಿದರೆ ಕಾಣಲ್ಲ. ಈ ಮೂರೂ ಒಟ್ಟಿಗೆ ಇದ್ದರೆ ಎಸ್‌ಕ್ಯೂಎಲ್ ಮೇಲಿನ ಅನುಮಾನ ಕೊನೆಗಿಟ್ಟುಕೊಳ್ಳಿ. ವೇರ್ ಬಿಟ್ಟುಹೋಗಿದ್ದರೆ ಪ್ರತಿ ಸಲವೂ ತಪ್ಪು ಬರಬೇಕಿತ್ತು. ಇದು ಎರಡು ರಿಕ್ವೆಸ್ಟ್‌ಗಳು ಒಂದೇ ಜಾಗಕ್ಕೆ ಬರೆದುಕೊಳ್ಳುತ್ತಿರೋ ಲಕ್ಷಣ.

ನಡೆಯೋದು ಹೀಗೆ. ನೋಡ್‌ಜೆಎಸ್ ಪ್ರೋಸೆಸ್ ಒಂದೇ, ಅದು ದಿನಗಟ್ಟಲೆ ಬದುಕಿರುತ್ತೆ. ಮೊದಲನೇ ಪೋಷಕರ ರಿಕ್ವೆಸ್ಟ್ ಬಂತು, ಮಿಡಲ್‌ವೇರ್ (ಪುಟ ತಯಾರಾಗೋ ಮೊದಲು ಓಡೋ ಕೋಡ್) "ಈಗಿನ ಬಳಕೆದಾರ" ಅನ್ನೋ ವೇರಿಯಬಲ್‌ಗೆ ಅವರನ್ನ ಹಾಕಿತು, ಆಮೇಲೆ ಡೇಟಾಬೇಸ್ ಉತ್ತರಕ್ಕೆ ಅವೇಟ್‌ನಲ್ಲಿ, ಅಂದರೆ ಕಾಯುತ್ತಾ, ನಿಂತಿತು. ಆ 40 ಮಿಲಿಸೆಕೆಂಡ್ ಒಳಗೆ ಎರಡನೆಯವರ ರಿಕ್ವೆಸ್ಟ್ ಬಂದು ಅದೇ ವೇರಿಯಬಲ್‌ಗೆ ತಮ್ಮನ್ನ ಹಾಕಿಕೊಂಡಿತು. ಮೊದಲನೆಯವರ ಅವೇಟ್ ಮುಗಿದು ಟೆಂಪ್ಲೇಟ್ ಓಡುವಾಗ ಅಲ್ಲಿರೋದು ಎರಡನೆಯವರ ಹೆಸರು. ಅವೇಟ್ ಆದ ಮೇಲೆ ಇನ್ನೊಂದು ಕ್ವೆರಿ ಇದ್ದರೆ, ನಿಮ್ಮ ವೇರ್ ಅಚ್ಚುಕಟ್ಟಾಗಿದ್ದರೂ ಅದಕ್ಕೆ ಹೋಗೋ ಐಡಿಯೇ ತಪ್ಪು. ಅದಕ್ಕೇ ಅಪರೂಪಕ್ಕೆ ರಸೀದಿ ಪಟ್ಟಿ ಕೂಡ ಬದಲಾಗಿದೆ.

ಹುಡುಕೋ ಜಾಗ: ಫಂಕ್ಷನ್‌ಗಳ ಹೊರಗೆ ವೇರಿಯಬಲ್ ಘೋಷಿಸೋ ಲೆಟ್ ಮತ್ತು ವಾರ್ ಸಾಲುಗಳು. ಕಾನ್ಸ್ಟ್ ಅಂತ ಬಿಟ್ಟುಬಿಡಬೇಡಿ, ಕಾನ್ಸ್ಟ್ ಆಬ್ಜೆಕ್ಟ್‌ನ ಒಳಗಿನ ಫೀಲ್ಡ್ ಬದಲಾಯಿಸಬಹುದು. ಒಂದೇ ಸಲ ನ್ಯೂ ಮಾಡಿ ಎಕ್ಸ್‌ಪೋರ್ಟ್ ಮಾಡಿರೋ ಸರ್ವಿಸ್ ಕ್ಲಾಸ್‌ಗಳಲ್ಲಿ "ದಿಸ್ ಡಾಟ್ ಯೂಸರ್" ಇದೆಯಾ ನೋಡಿ. ಮುಖ್ಯವಾಗಿ ಆ್ಯಪ್ ಡಾಟ್ ಲೋಕಲ್ಸ್, ಅಂದರೆ ಟೆಂಪ್ಲೇಟ್‌ಗಳಿಗೆ ಮೌಲ್ಯ ಒದಗಿಸೋ ಎಕ್ಸ್‌ಪ್ರೆಸ್‌ನ ಆಬ್ಜೆಕ್ಟ್. ಇಜೆಎಸ್ ಇದ್ದ ಕಡೆ ಇದು ತುಂಬ ಸಲ ಸಿಗುತ್ತೆ.

ಹುಬ್ಬಳ್ಳಿ_ರೂಟ್
ತುಂಗಾತೀರ ಹೇಳಿದ್ದು ಖರೇ. ಆದ್ರ ಎಂಜಿನ್‌ಎಕ್ಸ್ ಕಾನ್ಫಿಗೂ ನೋಡ್ರಿ. ಪ್ರಾಕ್ಸಿ ಕ್ಯಾಶ್, ಅಂದ್ರ ಒಮ್ಮೆ ಬಂದ ಉತ್ತರಾನ ಇಟ್ಟುಕೊಂಡು ಮತ್ತ ಅದನ್ನ ಕೊಡೋದು, ಹಚ್ಚೀರೇನು? ಹಚ್ಚಿದ್ರ ಕ್ಯಾಶ್ ಕೀ ಏನೈತಿ? ಏನೂ ಹೇಳದಿದ್ರ ಸ್ಕೀಮ್, ಹಿಂದಿನ ಸರ್ವರ್ ಹೆಸರು, ಯುಆರ್‌ಐ ಇಷ್ಟ ಕೂಡಿಸಿ ಕೀ ಮಾಡತೈತಿ. ಅದರಾಗ ಕುಕೀ ಇರಂಗಿಲ್ಲ. "/ರಸೀದಿ" ಪುಟ ಮೊದ್ಲ ಯಾರು ತೆಗೀತಾರೋ ಅವರ ರಸೀದಿ ಮುಂದಿನ ಎಲ್ಲಾರಿಗೂ ಹೋಗತೈತಿ.

ಸೆಟ್-ಕುಕೀ ಹೆಡರ್ ಇದ್ದ ಉತ್ತರಾನ ಎಂಜಿನ್‌ಎಕ್ಸ್ ತಾನಾಗೇ ಕ್ಯಾಶ್ ಮಾಡಂಗಿಲ್ಲ. ಆದ್ರ ಕ್ಯಾಶ್ ಕೆಲಸ ಮಾಡವಲ್ದು ಅಂತ ಪ್ರಾಕ್ಸಿ ಇಗ್ನೋರ್ ಹೆಡರ್ಸ್ ಸೆಟ್-ಕುಕೀ ಅನ್ನೋ ಸಾಲು ನೆಟ್‌ನಾಗಿಂದ ತಂದು ಹಾಕ್ತಾರ. ಆ ಸಾಲು ಕಂಡ್ರ ಮೊದ್ಲ ಕಿತ್ತು ಒಗೀರಿ.

ಕರಾವಳಿ_ಕ್ಯಾಶ್
ರೂಟ್ ಹೇಳಿದ್ದಕ್ಕೆ ಪುರಾವೆ ಬೇಕಿದ್ದರೆ ಗೇಮ್ ಮಾರೋ ತಾಣ ಸ್ಟೀಮ್. 2015ರ ಡಿಸೆಂಬರ್ 25ರಂದು ದಾಳಿಯ ಟ್ರಾಫಿಕ್ ತಡೆಯೋದಕ್ಕೆ ಕ್ಯಾಶ್ ನಿಯಮ ಬದಲಾಯಿಸುವಾಗ ತಪ್ಪಾಗಿ, ಲಾಗಿನ್ ಆದವರ ಪುಟಗಳೂ ಕ್ಯಾಶ್ ಆದವು. ಸುಮಾರು 34,000 ಜನರ ಮಾಹಿತಿ ಬೇರೆಯವರಿಗೆ ಕಂಡಿರಬಹುದು ಅಂತ ಕಂಪನಿಯೇ ಆಮೇಲೆ ಹೇಳಿತು. ಡೇಟಾಬೇಸ್‌ನಲ್ಲಿ ತಪ್ಪಿರಲಿಲ್ಲ.

ಲಾಗಿನ್ ಬೇಕಾದ ಪ್ರತಿ ಉತ್ತರಕ್ಕೂ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ "ಪ್ರೈವೇಟ್, ನೋ-ಸ್ಟೋರ್" ಹಾಕಿ. ರೂಟ್‌ಗೊಂದರಂತೆ ಬೇಡ, ಲಾಗಿನ್ ಪರಿಶೀಲಿಸೋ ಮಿಡಲ್‌ವೇರ್‌ನಲ್ಲೇ ಒಂದು ಸಾಲು. ಆಥರೈಸೇಶನ್ ಹೆಡರ್ ಬಳಸೋ ಎಪಿಐಗೆ ಎಚ್‌ಟಿಟಿಪಿ ನಿಯಮದಲ್ಲೇ ಸ್ವಲ್ಪ ರಕ್ಷಣೆ ಇದೆ, ಹಂಚಿಕೊಂಡ ಕ್ಯಾಶ್‌ಗಳು ಸ್ಪಷ್ಟ ಅನುಮತಿ ಇಲ್ಲದೆ ಅದರ ಉತ್ತರ ಇಟ್ಟುಕೊಳ್ಳಬಾರದು. ಕುಕೀಗೆ ಆ ರಕ್ಷಣೆ ಇಲ್ಲ.

ಇನ್ನೊಂದು: ಸಿಎಸ್‌ಎಸ್, ಪಿಎನ್‌ಜಿ ಅಂತ ಕೊನೆಯ ಅಕ್ಷರ ನೋಡಿ ಕ್ಯಾಶ್ ಮಾಡೋ ನಿಯಮ ಇದ್ದರೆ, ಯಾರಾದರೂ "/ರಸೀದಿ/ಎ.ಸಿಎಸ್‌ಎಸ್" ಅನ್ನೋ ಲಿಂಕ್ ಕಳಿಸಿ ಪೋಷಕರಿಂದ ಒತ್ತಿಸಬಹುದು. ನಿಮ್ಮ ರೂಟರ್ ಬಾಲ ಕಡೆಗಣಿಸಿ ರಸೀದಿ ಪುಟವನ್ನೇ ಕೊಟ್ಟರೆ, ಅದು ಸಿಎಸ್‌ಎಸ್ ಅಂತ ಕ್ಯಾಶ್ ಆಗಿ ಕಳಿಸಿದವನ ಕೈಗೆ ಸಿಗುತ್ತೆ. ಸ್ಟ್ಯಾಟಿಕ್ ಫೈಲುಗಳಿಗೆ ಬೇರೆ ಫೋಲ್ಡರ್ ಕೊಟ್ಟು, ಆ ಫೋಲ್ಡರ್ ನೋಡಿ ಕ್ಯಾಶ್ ಮಾಡಿ.

ಹಳೇ_ಪಿಎಚ್‌ಪಿ
ಪಿಎಚ್‌ಪಿಯಲ್ಲಿ ಈ ರಗಳೆಯೇ ಇಲ್ಲ. ರಿಕ್ವೆಸ್ಟ್ ಮುಗಿದರೆ ವೇರಿಯಬಲ್ ಎಲ್ಲಾ ಸತ್ತವು. ಮುಂದಿನವರಿಗೆ ಹೊಸ ಹಲಗೆ, ಹೊಸ ಬಳಪ.

ತುಂಗಾತೀರ
ಎಫ್‌ಪಿಎಂ (ಪಿಎಚ್‌ಪಿ ಓಡಿಸೋ ಮಾಮೂಲಿ ವ್ಯವಸ್ಥೆ) ಇರೋವರೆಗೆ ಮಾತ್ರ ಸರ್. ಲಾರಾವೆಲ್ ಆಕ್ಟೇನ್, ಸ್ವೂಲ್, ರೋಡ್‌ರನ್ನರ್ ಬಳಸಿದರೆ ಪಿಎಚ್‌ಪಿ ಪ್ರೋಸೆಸ್ಸೂ ರಿಕ್ವೆಸ್ಟ್ ಆದ ಮೇಲೆ ಬದುಕಿರುತ್ತೆ. ಸ್ಟ್ಯಾಟಿಕ್ ಪ್ರಾಪರ್ಟಿ, ಸಿಂಗಲ್‌ಟನ್ (ಎಲ್ಲರಿಗೂ ಒಂದೇ ಆಬ್ಜೆಕ್ಟ್) ಎಲ್ಲ ಮುಂದಿನ ರಿಕ್ವೆಸ್ಟ್‌ಗೆ ಉಳೀತವೆ. ಅಲ್ಲೂ ಇದೇ ಹುಡುಕಾಟ.

ಮೂಲೆಮನೆ
ಜಾವಾದವರಿಗೂ ಹೇಳಿಬಿಡ್ತೀನಿ. ಸರ್ವ್‌ಲೆಟ್ ಆಬ್ಜೆಕ್ಟ್ ಒಂದೇ, ಥ್ರೆಡ್ ಹಲವು. ಅದರ ಫೀಲ್ಡ್‌ನಲ್ಲಿ ಬಳಕೆದಾರರನ್ನ ಇಟ್ಟರೆ ಇದೇ ಗತಿ. ಸ್ಪ್ರಿಂಗ್‌ನ ಕಂಟ್ರೋಲರ್, ಸರ್ವಿಸ್ ಬೀನ್‌ಗಳೂ ಹೇಳದಿದ್ದರೆ ಸಿಂಗಲ್‌ಟನ್ನೇ. ಥ್ರೆಡ್‌ಲೋಕಲ್‌ನಲ್ಲಿ (ಥ್ರೆಡ್‌ಗೊಂದು ಪ್ರತ್ಯೇಕ ಜಾಗ) ಇಟ್ಟೆ, ಸುರಕ್ಷಿತ ಅಂದುಕೊಳ್ಳಬೇಡಿ. ಟಾಮ್‌ಕ್ಯಾಟ್ ಥ್ರೆಡ್‌ಗಳನ್ನ ಮತ್ತೆ ಮತ್ತೆ ಬಳಸುತ್ತೆ. ಫೈನಲಿ ಬ್ಲಾಕ್‌ನಲ್ಲಿ ರಿಮೂವ್ ಮಾಡದಿದ್ದರೆ ಹಿಂದಿನವರ ಹೆಸರು ಥ್ರೆಡ್‌ನಲ್ಲೇ ಕೂತಿರುತ್ತೆ, ಲಾಗಿನ್ ಇಲ್ಲದ ಮುಂದಿನ ರಿಕ್ವೆಸ್ಟ್‌ಗೆ ಅದೇ ಸಿಗುತ್ತೆ.

ಶುಲ್ಕಪುಸ್ತಕ
ಸಿಕ್ಕಿತು. ಫಂಕ್ಷನ್ ಹೊರಗೆ ಲೆಟ್ ಇರಲಿಲ್ಲ, ಆದರೆ ಲಾಗಿನ್ ಮಿಡಲ್‌ವೇರ್‌ನಲ್ಲಿ ಆ್ಯಪ್ ಡಾಟ್ ಲೋಕಲ್ಸ್ ಡಾಟ್ ಯೂಸರ್‌ಗೆ ಬರೀತಿದೆ. ಟೆಂಪ್ಲೇಟ್‌ನಲ್ಲಿ ಹೆಸರು ಬರೋದು ಅಲ್ಲಿಂದ. ರಸೀದಿ ಪುಟದ ಎರಡನೇ ಕ್ವೆರಿಯೂ ಐಡಿ ಅಲ್ಲಿಂದಲೇ ತಗೊಳ್ತಿದೆ. ರೆಸ್ ಡಾಟ್ ಲೋಕಲ್ಸ್‌ಗೆ ಬದಲಾಯಿಸಿದರೆ ಸಾಕಾ? ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಕ್ಯಾಶ್ ಇಲ್ಲ, ಸ್ಟ್ಯಾಟಿಕ್ ಬೇರೆ ಫೋಲ್ಡರ್‌ನಲ್ಲೇ ಇದೆ.

ತುಂಗಾತೀರ
ಹೌದು. ಆ್ಯಪ್ ಡಾಟ್ ಲೋಕಲ್ಸ್ ಇಡೀ ಆ್ಯಪ್‌ಗೆ ಒಂದೇ, ಸೈಟಿನ ಹೆಸರು, ಆವೃತ್ತಿ ಸಂಖ್ಯೆ ಇಂಥದ್ದಕ್ಕೆ. ರೆಸ್ ಡಾಟ್ ಲೋಕಲ್ಸ್ ಆ ಒಂದು ರಿಕ್ವೆಸ್ಟ್‌ನದು. ಟೆಂಪ್ಲೇಟ್‌ಗೆ ಎರಡೂ ಒಂದೇ ಥರ ಕಾಣುತ್ತೆ, ಅದಕ್ಕೇ ಇದು ಕೋಡ್ ರಿವ್ಯೂನಲ್ಲಿ ತಪ್ಪಿಸಿಕೊಳ್ಳುತ್ತೆ. ಬದಲಾಯಿಸಿ ಆ್ಯಪ್ ಡಾಟ್ ಲೋಕಲ್ಸ್‌ನ ಹಳೇ ಸಾಲು ಅಳಿಸಿ. ಉಳಿಸಿದರೆ, ರೆಸ್ ಡಾಟ್ ಲೋಕಲ್ಸ್ ತುಂಬದ ಯಾವುದೋ ಪುಟ ಅಲ್ಲಿಂದ ಓದಿಕೊಳ್ಳುತ್ತೆ. ಸರ್ವರ್ ಶುರುವಾದ ಮೇಲೆ ಆಬ್ಜೆಕ್ಟ್ ಫ್ರೀಜ್ ಆ್ಯಪ್ ಡಾಟ್ ಲೋಕಲ್ಸ್ ಮಾಡಿಬಿಟ್ಟರೆ ಇನ್ನೂ ಒಳ್ಳೇದು, ಸ್ಟ್ರಿಕ್ಟ್ ಮೋಡ್‌ನಲ್ಲಿ ಯಾರಾದರೂ ಬರೆಯೋಕೆ ಹೋದರೆ ಅಲ್ಲೇ ಎರರ್.

ಒಳಗಿನ ಫಂಕ್ಷನ್‌ಗಳಿಗೆ ಯೂಸರ್ ಕೈಯಿಂದ ಕೈಗೆ ದಾಟಿಸೋದು ಕಷ್ಟವಾದರೆ ರಿಕ್ವೆಸ್ಟ್‌ಗೊಂದು ಪ್ರತ್ಯೇಕ ಜಾಗ ಕೊಡೋ ಅಸಿಂಕ್‌ಲೋಕಲ್‌ಸ್ಟೋರೇಜ್ ಇದೆ, ನೋಡ್‌ಜೆಎಸ್ 16ರಿಂದ ಸ್ಥಿರವಾಗಿದೆ. ರನ್ ಮೆಥಡ್ ಬಳಸಿ, ಎಂಟರ್‌ವಿತ್ ಬೇಡ. ಎಂಟರ್‌ವಿತ್ ಹಾಕಿದ್ದು ಎಲ್ಲಿವರೆಗೆ ಹಬ್ಬುತ್ತೆ ಅಂತ ಕೋಡ್ ಓದಿ ಹೇಳೋದು ಕಷ್ಟ. ಪೈಥಾನ್‌ನವರಿಗೆ 3.7ರಿಂದ ಕಾಂಟೆಕ್ಸ್ಟ್‌ವಾರ್ಸ್ ಇದೇ ಕೆಲಸ ಮಾಡುತ್ತೆ.

ಡಿಬಿ_ಅಕ್ಕ
@ಕಾಫಿ_ಕಂಪೈಲರ್ ನೋಡಿ, ಶಾಲೆಗೊಂದು ಡೇಟಾಬೇಸ್ ಇದ್ದಿದ್ದರೂ ಇದು ನಿಲ್ಲುತ್ತಿರಲಿಲ್ಲ. ಹೆಸರು ಬದಲಾದದ್ದು ಆ್ಯಪ್‌ನ ಮೆಮೊರಿಯಲ್ಲಿ. ಅದೂ ಅಲ್ಲದೆ ಒಂದೇ ಶಾಲೆಯ ಇಬ್ಬರು ಪೋಷಕರ ನಡುವಿನ ಗೋಡೆಯನ್ನ ಬೇರೆ ಡೇಟಾಬೇಸ್ ಕಟ್ಟಿಕೊಡಲ್ಲ.

ಲೆಕ್ಕವನ್ನೂ ನೋಡಿ. 60 ಡೇಟಾಬೇಸ್, ಪ್ರತಿಯೊಂದಕ್ಕೂ 10 ಕನೆಕ್ಷನ್‌ನ ಪೂಲ್ (ತೆರೆದಿಟ್ಟು ಮತ್ತೆ ಮತ್ತೆ ಬಳಸೋ ಗುಂಪು) ಅಂದರೆ 600. ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್ ಕನೆಕ್ಷನ್ಸ್ ಮೊದಲಿಗೆ 100, ಒಂದೊಂದು ಕನೆಕ್ಷನ್ನೂ ಒಂದೊಂದು ಪ್ರೋಸೆಸ್. ಒಂದು ಕಾಲಂ ಸೇರಿಸಬೇಕಾದರೆ ಮೈಗ್ರೇಶನ್ (ಟೇಬಲ್ ರಚನೆ ಬದಲಾಯಿಸೋ ಸ್ಕ್ರಿಪ್ಟ್) 60 ಸಲ ಓಡಬೇಕು, 37ನೇದರಲ್ಲಿ ನಿಂತರೆ ಎರಡು ಥರದ ಸ್ಕೀಮಾ ಜೊತೆ ಕೋಡ್ ಬದುಕಬೇಕು.

ಕಾಫಿ_ಕಂಪೈಲರ್
ಈ ದೋಷಕ್ಕೆ ಅದು ಮದ್ದಲ್ಲ, ಒಪ್ಪಿದೆ ಅಕ್ಕ. ಆದರೆ ನಾಳೆ ಒಂದು ಶಾಲೆ "ನಮ್ಮ ಡೇಟಾ ಮಾತ್ರ ನಿನ್ನೆ ಬೆಳಗಿನ ಸ್ಥಿತಿಗೆ ತನ್ನಿ" ಅಂದರೆ? ಬೇರೆ ಡೇಟಾಬೇಸ್ ಇದ್ದರೆ ಅದೊಂದನ್ನ ರಿಸ್ಟೋರ್ ಮಾಡ್ತೀನಿ. ಒಂದೇ ಟೇಬಲ್ ಇದ್ದರೆ ಸಾಲು ಸಾಲಾಗಿ ಹೆಕ್ಕಬೇಕು. ಶಾಲೆ ಬಿಟ್ಟುಹೋದಾಗ ಡೇಟಾ ಪೂರ್ತಿ ಅಳಿಸೋದೂ ಒಂದು ಡ್ರಾಪ್‌ನಲ್ಲಿ ಮುಗಿಯುತ್ತೆ. ಇದನ್ನೆಲ್ಲ ಸುಮ್ಮನೆ ತಳ್ಳಿಹಾಕಬೇಡಿ.

ಡಿಬಿ_ಅಕ್ಕ
ಅದು ನಿಜವಾದ ಲಾಭ, ತಳ್ಳಿಹಾಕಲ್ಲ. ನಾಲ್ಕೈದು ದೊಡ್ಡ ಗಿರಾಕಿಗಳಿದ್ದರೆ ನಾನೂ ಬೇರೆ ಡೇಟಾಬೇಸ್‌ಗೇ ಹೋಗ್ತೀನಿ. ಇಲ್ಲಿ 60 ಸಣ್ಣ ಶಾಲೆಗಳು. ಇದಕ್ಕೆ ಸಾಲು ಮಟ್ಟದ ರಕ್ಷಣೆ, ಅಂದರೆ ರೋ ಲೆವೆಲ್ ಸೆಕ್ಯೂರಿಟಿ ಸರಿ. ಪೋಸ್ಟ್‌ಗ್ರೆಸ್ 9.5ರಿಂದ ಇದೆ. ವೇರ್ ಬರೆಯೋದನ್ನ ಡೆವಲಪರ್ ನೆನಪಿಗೆ ಬಿಡೋ ಬದಲು ಡೇಟಾಬೇಸ್‌ಗೆ ಒಪ್ಪಿಸೋದು.

ಆ ಟೇಬಲ್‌ಗಳ ಮೇಲೆ ರೋ ಲೆವೆಲ್ ಸೆಕ್ಯೂರಿಟಿ ಎನೇಬಲ್ ಮಾಡಿ, ಶಾಲಾ_ಐಡಿ ಮತ್ತು ಸೆಟ್ಟಿಂಗ್‌ನಲ್ಲಿರೋ ಶಾಲೆ ಒಂದೇ ಆಗಿರಬೇಕು ಅನ್ನೋ ಪಾಲಿಸಿ ಬರೀರಿ. ಎಲ್ಲರೂ ಎಡವೋದು ಇಲ್ಲಿ: ಟೇಬಲ್‌ನ ಒಡೆಯ ಯಾವ ರೋಲೋ (ಡೇಟಾಬೇಸ್ ಬಳಕೆದಾರ) ಅದಕ್ಕೆ ಪಾಲಿಸಿ ಅನ್ವಯ ಆಗಲ್ಲ. ಆ್ಯಪ್ ಕೂಡ ಮೈಗ್ರೇಶನ್ ಮಾಡಿದ ರೋಲ್‌ನಲ್ಲೇ ಕನೆಕ್ಟ್ ಆದರೆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಆ್ಯಪ್‌ಗೆ ಬೇರೆ ರೋಲ್ ಕೊಡಿ, ಜೊತೆಗೆ ಫೋರ್ಸ್ ರೋ ಲೆವೆಲ್ ಸೆಕ್ಯೂರಿಟಿಯನ್ನೂ ಹಾಕಿ. ಸೂಪರ್‌ಯೂಸರ್‌ಗೆ ಮತ್ತು ಬೈಪಾಸ್‌ಆರ್‌ಎಲ್‌ಎಸ್ ಇರೋ ರೋಲ್‌ಗೆ ಫೋರ್ಸ್ ಕೂಡ ಲೆಕ್ಕಕ್ಕಿಲ್ಲ. ಬ್ಯಾಕಪ್ ತೆಗೆಯೋ ರೋಲ್‌ಗೆ ಮಾತ್ರ ಬೈಪಾಸ್ ಬೇಕು, ಇಲ್ಲದಿದ್ದರೆ ಪಿಜಿ_ಡಂಪ್ ಎರರ್ ಕೊಟ್ಟು ನಿಲ್ಲುತ್ತೆ.

ವ್ಯೂಗಳು (ಹೆಸರಿಟ್ಟು ಉಳಿಸಿದ ಕ್ವೆರಿಗಳು) ಅವನ್ನ ಮಾಡಿದವರ ಹಕ್ಕಿನಲ್ಲಿ ಓಡ್ತವೆ, ಹಾಗಾಗಿ ಪಾಲಿಸಿ ತಪ್ಪಿಸಿಕೊಳ್ಳಬಹುದು. ನಿಮ್ಮದು 15, ಅಲ್ಲಿಂದ ಸೆಕ್ಯೂರಿಟಿ ಇನ್‌ವೋಕರ್ ಅನ್ನೋ ಆಯ್ಕೆ ಇದೆ, ಪ್ರತಿ ವ್ಯೂಗೂ ಹಾಕಿ. ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನ ತೋರಿಸೋ ಕೊಂಡಿ) ಪರಿಶೀಲನೆಯೂ ಪಾಲಿಸಿ ದಾಟಿಯೇ ನಡೆಯುತ್ತೆ. ಒಂದು ಶಾಲೆಯ ರಸೀದಿಗೆ ಇನ್ನೊಂದು ಶಾಲೆಯ ವಿದ್ಯಾರ್ಥಿ ಐಡಿ ಅಂಟಬಾರದು ಅಂದರೆ ಶಾಲಾ_ಐಡಿ, ವಿದ್ಯಾರ್ಥಿ_ಐಡಿ ಎರಡೂ ಸೇರಿದ ಜೋಡಿ ಫಾರಿನ್ ಕೀ ಬೇಕು.

ಹುಬ್ಬಳ್ಳಿ_ರೂಟ್
ಅಕ್ಕಾರ, ಅವರ ಹತ್ರ ಪಿಜಿಬೌನ್ಸರ್ ಐತಿ. ಪೂಲ್ ಮೋಡ್ ಟ್ರಾನ್ಸ್ಯಾಕ್ಷನ್ ಇದ್ರ (ಟ್ರಾನ್ಸ್ಯಾಕ್ಷನ್ ಮುಗಿದ ಕೂಡ್ಲೇ ಕನೆಕ್ಷನ್ ಬ್ಯಾರೆಯವ್ರಿಗೆ) ಸೆಟ್ ಮಾಡಿದ ಶಾಲಾ_ಐಡಿ ಆ ಕನೆಕ್ಷನ್‌ಗೇ ಅಂಟಿಕೊಂಡು ಮುಂದಿನವ್ರಿಗೆ ಹೋಗತೈತಲ್ರಿ? ಗ್ವಾಡಿ ಕಟ್ಟಾಕ ಹೋಗಿ ಬಾಗಲಾ ತೆಗೆದಂಗ ಆದೀತು.

ಡಿಬಿ_ಅಕ್ಕ
ಸರಿಯಾಗಿ ಹಿಡಿದಿರಿ. ಟ್ರಾನ್ಸ್ಯಾಕ್ಷನ್ ಮೋಡ್‌ನಲ್ಲಿ ಬರೀ ಸೆಟ್ ಯಾವತ್ತೂ ಬೇಡ. ಕನೆಕ್ಷನ್ ತೊಳೆಯೋ ಡಿಸ್ಕಾರ್ಡ್ ಆಲ್ ಅಲ್ಲಿ ತಾನಾಗಿ ಓಡಲ್ಲ, ಅದು ಸೆಷನ್ ಮೋಡ್‌ಗೆ. ಕ್ರಮ ಇದು: ಬಿಗಿನ್, ಆಮೇಲೆ ಸೆಟ್_ಕಾನ್ಫಿಗ್ ಫಂಕ್ಷನ್‌ಗೆ ಸೆಟ್ಟಿಂಗ್ ಹೆಸರು, ಶಾಲೆಯ ಐಡಿ, ಮೂರನೇದಾಗಿ ಟ್ರೂ, ಆಮೇಲೆ ನಿಮ್ಮ ಕ್ವೆರಿಗಳು, ಕಮಿಟ್. ಟ್ರೂ ಅಂದರೆ ಈ ಟ್ರಾನ್ಸ್ಯಾಕ್ಷನ್‌ಗೆ ಮಾತ್ರ. ಸೆಟ್ ಲೋಕಲ್ ಕೂಡ ಇದನ್ನೇ ಮಾಡುತ್ತೆ, ಆದರೆ ಅದು ಪ್ಯಾರಾಮೀಟರ್ ತಗೊಳ್ಳಲ್ಲ, ಐಡಿಯನ್ನ ಸ್ಟ್ರಿಂಗ್‌ನಲ್ಲಿ ಜೋಡಿಸಬೇಕಾಗುತ್ತೆ. ಆ ದಾರಿ ಬೇಡ.

ನೋಡ್‌ಜೆಎಸ್‌ನ ಪಿಜಿ ಲೈಬ್ರರಿಯಲ್ಲಿ ಪೂಲ್ ಡಾಟ್ ಕ್ವೆರಿ ಪ್ರತಿ ಸಲ ಬೇರೆ ಕನೆಕ್ಷನ್ ಹಿಡಿಯಬಹುದು. ಬಿಗಿನ್ ಒಂದರಲ್ಲಿ, ಕ್ವೆರಿ ಇನ್ನೊಂದರಲ್ಲಿ. ಪೂಲ್ ಡಾಟ್ ಕನೆಕ್ಟ್‌ನಿಂದ ಒಂದು ಕ್ಲೈಂಟ್ ತಗೊಂಡು ಎಲ್ಲವನ್ನೂ ಅದರಲ್ಲೇ ಓಡಿಸಿ, ಫೈನಲಿಯಲ್ಲಿ ರಿಲೀಸ್ ಮಾಡಿ. ಇದನ್ನ "ಶಾಲೆಯೊಂದಿಗೆ ಓಡಿಸು" ಅನ್ನೋ ಒಂದೇ ಫಂಕ್ಷನ್‌ನಲ್ಲಿ ಸುತ್ತಿ, ಬೇರೆ ಫೈಲುಗಳಿಂದ ಪೂಲ್ ಇಂಪೋರ್ಟ್ ಮಾಡದ ಹಾಗೆ ಲಿಂಟ್ (ಕೋಡ್ ತಪಾಸಣೆ) ನಿಯಮ ಹಾಕಿ.

ಕರಾವಳಿ_ಕ್ಯಾಶ್
ಪೂಲ್ ಮಾತು ಬಂತು ಅಂತ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿ ಒಬ್ಬರ ಸಂಭಾಷಣೆ ಶೀರ್ಷಿಕೆಗಳು ಇನ್ನೊಬ್ಬರಿಗೆ ಕಂಡವು. ಕಾರಣ ರೆಡಿಸ್ ಕ್ಯಾಶ್ ಜೊತೆ ಮಾತಾಡೋ ರೆಡಿಸ್-ಪೈ ಲೈಬ್ರರಿಯ ದೋಷ. ಪ್ರಶ್ನೆ ಕಳಿಸಿ ಉತ್ತರ ಬರೋ ಮೊದಲೇ ರಿಕ್ವೆಸ್ಟ್ ರದ್ದಾದರೆ ಕನೆಕ್ಷನ್ ಹಾಗೇ ಪೂಲ್‌ಗೆ ವಾಪಸ್ ಹೋಗ್ತಿತ್ತು. ಮುಂದೆ ಅದನ್ನ ಹಿಡಿದವರು ತಮ್ಮ ಪ್ರಶ್ನೆ ಕೇಳಿದರೆ ಕೈಗೆ ಬರೋದು ಹಿಂದಿನವರ ಉತ್ತರ.

ಟೈಮ್‌ಔಟ್ ಅಥವಾ ರದ್ದಾದ ಕನೆಕ್ಷನ್ನನ್ನ ಪೂಲ್‌ಗೆ ಮರಳಿಸಬೇಡಿ, ಮುಚ್ಚಿಬಿಡಿ. ಕ್ಯಾಶ್‌ನಿಂದ ತಂದ ವಸ್ತುವಿನ ಒಳಗೂ ಒಡೆಯರ ಐಡಿ ಇಟ್ಟು, ಕೇಳಿದವರ ಐಡಿ ಜೊತೆ ಹೋಲಿಸಿಯೇ ಬಳಸಿ. ಕೀಯಲ್ಲಿ ಐಡಿ ಇದ್ದರೆ ಸಾಲದು, ಈ ಥರದ ದೋಷದಲ್ಲಿ ಕೀ ಸರಿಯಾಗೇ ಇರುತ್ತೆ, ಉತ್ತರ ಬೇರೆಯವರದ್ದು.

ಅಂಗಡಿಬೀದಿ
ರಸೀದಿ ಯುಆರ್‌ಎಲ್‌ನಲ್ಲಿ 1, 2, 3 ಅಂತ ಇದ್ದರೆ ಯುಯುಐಡಿ (ಉದ್ದನೆಯ ಯಾದೃಚ್ಛಿಕ ಐಡಿ) ಮಾಡಿ. ಊಹಿಸೋಕಾಗಲ್ಲ, ತಲೆನೋವು ಮುಗೀತು.

ಮೂಲೆಮನೆ
ಮುಗಿಯಲ್ಲ. ಯುಯುಐಡಿ ಊಹಿಸೋದು ಕಷ್ಟ ನಿಜ, ನಾಲ್ಕನೇ ಆವೃತ್ತಿಯಲ್ಲಿ 122 ಬಿಟ್ ಯಾದೃಚ್ಛಿಕ. ಆದರೆ ಲಿಂಕ್ ವಾಟ್ಸಾಪ್‌ನಲ್ಲಿ ಹೋಗುತ್ತೆ, ಬ್ರೌಸರ್ ಹಿಸ್ಟರಿಯಲ್ಲಿ, ಸರ್ವರ್ ಲಾಗ್‌ನಲ್ಲಿ ಉಳಿಯುತ್ತೆ. ಲಿಂಕ್ ಸಿಕ್ಕವರಿಗೆಲ್ಲ ರಸೀದಿ ಸಿಕ್ಕಿದರೆ ಅದು ಬೀಗ ಅಲ್ಲ. ಅಮೆರಿಕದ ಆಸ್ತಿ ಹಕ್ಕಿನ ವಿಮೆ ಕಂಪನಿ ಫಸ್ಟ್ ಅಮೆರಿಕನ್ ಫೈನಾನ್ಶಿಯಲ್‌ನಲ್ಲಿ 2019ರಲ್ಲಿ ಯುಆರ್‌ಎಲ್‌ನ ಸಂಖ್ಯೆ ಬದಲಾಯಿಸಿದರೆ ಬೇರೆಯವರ ದಾಖಲೆ ಬರ್ತಿತ್ತು, ಸುಮಾರು 88.5 ಕೋಟಿ ದಾಖಲೆ ಹಾಗೆ ತೆರೆದಿದ್ದವು. ಅಲ್ಲಿ ಮುಖ್ಯ ತಪ್ಪು ಕೇಳೋರು ಯಾರು ಅಂತ ನೋಡದೇ ಇದ್ದದ್ದು. ಸಂಖ್ಯೆ ಸಾಲಾಗಿದ್ದದ್ದು ಆಮೇಲಿನ ಮಾತು.

ಹಾಗಾಗಿ ರಸೀದಿ ತರುವಾಗ ಐಡಿ ಜೊತೆ ಸೆಷನ್‌ನಲ್ಲಿರೋ ಪೋಷಕರ ಐಡಿಯೂ ಅದೇ ಕ್ವೆರಿಯಲ್ಲಿ ಇರಲಿ. ಮೊದಲು ತಂದು ಆಮೇಲೆ ಇಫ್ ಹಾಕೋದಾದರೆ ಇಫ್ ಮರೆತುಹೋಗುತ್ತೆ. ಶಾಲಾ_ಐಡಿಯನ್ನ ಫಾರಂನ ಹಿಡನ್ ಫೀಲ್ಡ್‌ನಿಂದ, ಹೆಡರ್‌ನಿಂದ ಯಾವತ್ತೂ ತಗೋಬೇಡಿ. ಸೆಷನ್‌ನಿಂದ ಮಾತ್ರ.

ಅಂಗಡಿಬೀದಿ
ಸರಿ, ಯುಯುಐಡಿ ಹೆಚ್ಚುವರಿ ಅಂತ ಇರಲಿ. ಬೇರೆಯವರ ರಸೀದಿ ಕೇಳಿದರೆ 403 (ಅನುಮತಿ ಇಲ್ಲ) ಕೊಡೋದಾ, 404 (ಸಿಗಲಿಲ್ಲ) ಕೊಡೋದಾ?

ಮೂಲೆಮನೆ
404. 403 ಕೊಟ್ಟರೆ ಆ ನಂಬರಿನ ರಸೀದಿ ಇದೆ ಅಂತ ಹೇಳಿದಂತೆ. ಒಳಗೆ ಲಾಗ್‌ನಲ್ಲಿ ಮಾತ್ರ ನಿಜವಾದ ಕಾರಣ ಬರೆದಿಡಿ.

ಹುಬ್ಬಳ್ಳಿ_ರೂಟ್
ಪಿಡಿಎಫ್ ರಸೀದಿ ಎಲ್ಲಿ ಮಾಡ್ತೀರಿ? ಟೆಂಪ್ ಫೋಲ್ಡರ್‌ನಾಗ "ರಸೀದಿ.ಪಿಡಿಎಫ್" ಅಂತ ಒಂದ ಹೆಸರಿಟ್ಟಿದ್ರ, ಇಬ್ರು ಒಮ್ಮೆ ಒತ್ತಿದಾಗ ಒಬ್ಬರದು ಇನ್ನೊಬ್ಬರಿಗೆ ಹೋಗೋದು ಗ್ಯಾರಂಟಿ. ಎಂಕೆಡಿಟೆಂಪ್ ಬಳಸ್ರಿ, ರಿಕ್ವೆಸ್ಟ್‌ಗೊಂದು ಹೊಸ ಫೋಲ್ಡರ್, ಕಳಿಸಿದ ಮ್ಯಾಲೆ ಅಳಿಸ್ರಿ. ಸಾಧ್ಯ ಇದ್ರ ಡಿಸ್ಕ್ ಮುಟ್ಟದ ನೇರ ಸ್ಟ್ರೀಮ್ ಮಾಡ್ರಿ.

ಎಸ್‌ಎಂಎಸ್ ಕಳಿಸೋ ಕ್ಯೂ ಜಾಬ್‌ಗೂ (ಸಾಲಿನಾಗಿಟ್ಟು ಆಮ್ಯಾಲೆ ಓಡಿಸೋ ಕೆಲಸ) ಇದ ಮಾತು. ಅಸಿಂಕ್‌ಲೋಕಲ್‌ಸ್ಟೋರೇಜ್‌ನಾಗಿನ ಶಾಲೆ ಕ್ಯೂ ದಾಟಿ ಬರಂಗಿಲ್ಲ. ಜಾಬ್‌ನ ಡೇಟಾದಾಗ ಶಾಲಾ_ಐಡಿ ಬರೀರಿ, ವರ್ಕರ್ ಅದನ್ನ ಓದಿ ಅಕ್ಕಾರು ಹೇಳಿದ ಫಂಕ್ಷನ್‌ನಾಗ ಓಡಬೇಕು. ಐಡಿ ಇಲ್ಲದ ಜಾಬ್ ಬಂದ್ರ ಅಲ್ಲೇ ಬಿದ್ದು ಹೋಗಲಿ.

ಪರೀಕ್ಷಕಿ
ಸರಿಹೋಯ್ತು ಅಂತ ಖಾತ್ರಿ ಮಾಡಿಕೊಳ್ಳೋ ಬಗೆ ಇಲ್ಲಿವರೆಗೆ ಯಾರೂ ಹೇಳಿಲ್ಲ. ಎರಡು ಟೆಸ್ಟ್ ಬೇಕು.

ಮೊದಲನೇದು ಗದ್ದಲದ್ದು. ಎರಡು ಶಾಲೆ, ಪ್ರತಿ ಶಾಲೆಗೆ ಇಬ್ಬರು ಪೋಷಕರು, ಒಟ್ಟು ನಾಲ್ಕು ಸೆಷನ್. ಪ್ರತಿಯೊಬ್ಬರ ಹೆಸರು, ಮಗುವಿನ ಹೆಸರು, ರಸೀದಿ ವಿವರದಲ್ಲಿ ಅವರಿಗೆ ಮಾತ್ರ ಸೇರಿದ ಗುರುತು ಪದ ಹಾಕಿ, "ಕೆಂಪುಗಿಳಿ", "ನೀಲಿಹಕ್ಕಿ" ಥರ. ನಾಲ್ಕೂ ಸೆಷನ್‌ನಿಂದ ಒಟ್ಟು 50 ರಿಕ್ವೆಸ್ಟ್ ಒಂದೇ ಹೊತ್ತಿಗೆ, ಐದು ನಿಮಿಷ. ಪ್ರತಿ ಉತ್ತರದಲ್ಲೂ ಬೇರೆ ಮೂವರ ಗುರುತು ಪದ ಇದೆಯಾ ಹುಡುಕಿ, ಒಂದು ಸಿಕ್ಕರೂ ಫೇಲ್. ಲ್ಯಾಪ್‌ಟಾಪ್‌ನಲ್ಲಿ ದೋಷ ಕಾಣದಿರೋದು ಕ್ವೆರಿ 2 ಮಿಲಿಸೆಕೆಂಡ್‌ನಲ್ಲಿ ಮುಗಿಯೋದರಿಂದ. ಕ್ವೆರಿಗೆ ಮುಂಚೆ 20ರಿಂದ 200 ಮಿಲಿಸೆಕೆಂಡ್ ಯಾವುದೋ ಒಂದು ತಡ ಸೇರಿಸಿ, ಕಿಟಕಿ ಅಗಲವಾಗುತ್ತೆ. ಪಿಜಿಬೌನ್ಸರ್ ಕೂಡ ಟೆಸ್ಟ್‌ನಲ್ಲಿ ಇರಲೇಬೇಕು, ಪೂಲ್ ಗಾತ್ರ 2ಕ್ಕೆ ಇಳಿಸಿ. ಪೂಲ್ ಚಿಕ್ಕದಾದಷ್ಟೂ ಕನೆಕ್ಷನ್ ಬೇಗ ಕೈ ಬದಲಾಗುತ್ತೆ.

ಎರಡನೇದು ಹಕ್ಕಿನದು. ಎಲ್ಲ ರೂಟ್‌ಗಳ ಪಟ್ಟಿಯನ್ನ ಕೋಡ್‌ನಿಂದಲೇ ತೆಗೆದು, ಪ್ರತಿಯೊಂದಕ್ಕೂ ಮೊದಲನೆಯವರ ಕುಕೀಯಲ್ಲಿ ಎರಡನೆಯವರ ಐಡಿ ಕೇಳಿ. 404 ಬಿಟ್ಟು ಬೇರೆ ಏನು ಬಂದರೂ ಫೇಲ್. ಪಟ್ಟಿ ಕೈಯಿಂದ ಬರೆದರೆ ಹೊಸ ರೂಟ್ ಅದರಲ್ಲಿ ಸೇರಲ್ಲ.

ಮೊದಲು ಹಳೇ ಕೋಡ್ ಮೇಲೆ ಓಡಿಸಿ. ಅಲ್ಲಿ ಫೇಲ್ ಆಗದಿದ್ದರೆ ಟೆಸ್ಟ್ ಕೆಲಸ ಮಾಡ್ತಿಲ್ಲ ಅಂತ ಅರ್ಥ.

ಶುಲ್ಕಪುಸ್ತಕ
ಹಳೇ ಕೋಡ್ ಮೇಲೆ 100 ಮಿಲಿಸೆಕೆಂಡ್ ತಡ ಹಾಕಿ ಓಡಿಸಿದರೆ ಮೊದಲ ನಿಮಿಷದೊಳಗೇ ಫೇಲ್. ರೆಸ್ ಡಾಟ್ ಲೋಕಲ್ಸ್ ಆದ ಮೇಲೆ ಐದು ನಿಮಿಷವೂ ಪಾಸ್. ಆ್ಯಪ್ ಡಾಟ್ ಲೋಕಲ್ಸ್ ಫ್ರೀಜ್ ಆಗಿದೆ, ನೋ-ಸ್ಟೋರ್ ಹೆಡರ್ ಹೋಗ್ತಿದೆ. ಪಿಡಿಎಫ್ ಟೆಂಪ್ ಹೆಸರಲ್ಲಿ ಬರೀ ಸೆಕೆಂಡಿನ ಸಮಯ ಇತ್ತು, ಅದನ್ನೂ ಬದಲಾಯಿಸಿದೆ. ಈಗಾಗಲೇ ಬೇರೆಯವರಿಗೆ ಕಂಡುಹೋದದ್ದಕ್ಕೆ ಏನು ಮಾಡಬೇಕು?

ಅಂಗಡಿಬೀದಿ
ಶಾಲೆಗಳಿಗೆ ಇವತ್ತೇ ತಿಳಿಸಿ, ಮುಚ್ಚಿಡಬೇಡಿ. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಡೇಟಾ ಸೋರಿಕೆಯನ್ನ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, ಲಾಗ್‌ಗಳನ್ನ 180 ದಿನ ಇಟ್ಟಿರಬೇಕು. ಮಕ್ಕಳ ಮಾಹಿತಿ ಬೇರೆ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣಾ ಕ್ರಮದ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ. ವಕೀಲರೊಬ್ಬರನ್ನ ಕೇಳಿಕೊಂಡೇ ಹೆಜ್ಜೆ ಇಡಿ. ಲಾಗ್‌ನಲ್ಲಿ ಸೆಷನ್ ಐಡಿಯ ಹ್ಯಾಶ್, ಯಾರ ರಸೀದಿ ಕೊಟ್ಟೆವು ಅನ್ನೋ ಐಡಿ ಎರಡೂ ಇದ್ದರೆ ಯಾರಿಗೆ ಯಾರದ್ದು ಕಂಡಿದೆ ಅಂತ ಹೊಂದಿಸಿ ಪಟ್ಟಿ ಮಾಡಬಹುದು.

ಶುಲ್ಕಪುಸ್ತಕ
ಎರಡೂ ಲಾಗ್‌ನಲ್ಲಿವೆ. ಸರ್ಟ್-ಇನ್ ವರದಿ ಈಗಲೇ ಕಳಿಸ್ತೀನಿ, ಪಟ್ಟಿ ರಾತ್ರಿಯೊಳಗೆ ಶಾಲೆಗಳಿಗೆ. ಅಕ್ಕಾ, ಒಂದು ಕೇಳೋದಿತ್ತು. ರೋ ಲೆವೆಲ್ ಸೆಕ್ಯೂರಿಟಿ ಹಾಕಿ ನೋಡ್ತಿದ್ದೆ. ಶಾಲೆ ಸೆಟ್ ಮಾಡದೆ ಕ್ವೆರಿ ಓಡಿಸಿದರೆ ಒಮ್ಮೆ ಸೊನ್ನೆ ಸಾಲು, ಇನ್ನೊಮ್ಮೆ "ಖಾಲಿ ಸ್ಟ್ರಿಂಗ್ ಇಂಟಿಜರ್ ಅಲ್ಲ" ಅನ್ನೋ ಎರರ್. ಒಂದೇ ಕ್ವೆರಿ, ಯಾಕೆ ಎರಡು ಥರ?

ಡಿಬಿ_ಅಕ್ಕ
ಪಾಲಿಸಿಯಲ್ಲಿ ಸೆಟ್ಟಿಂಗ್ ಓದೋ ಕರೆಂಟ್_ಸೆಟ್ಟಿಂಗ್ ಫಂಕ್ಷನ್‌ಗೆ ಎರಡನೇದಾಗಿ ಟ್ರೂ ಕೊಟ್ಟಿದ್ದೀರಿ. ಆ ಕನೆಕ್ಷನ್‌ನಲ್ಲಿ ಸೆಟ್ಟಿಂಗ್ ಒಮ್ಮೆಯೂ ಬಳಕೆಯಾಗಿಲ್ಲದಿದ್ದರೆ ನಲ್ (ಮೌಲ್ಯವೇ ಇಲ್ಲ) ಬರುತ್ತೆ, ಸೊನ್ನೆ ಸಾಲು. ಒಮ್ಮೆ ಟ್ರಾನ್ಸ್ಯಾಕ್ಷನ್‌ನಲ್ಲಿ ಸೆಟ್ ಆಗಿ ಮುಗಿದಿದ್ದರೆ ಅದು ನಲ್‌ಗೆ ಮರಳಲ್ಲ, ಖಾಲಿ ಸ್ಟ್ರಿಂಗ್ ಆಗಿ ಉಳಿಯುತ್ತೆ, ಇಂಟಿಜರ್ ಮಾಡೋಕೆ ಹೋದರೆ ಎರರ್.

ಕೆಲವರು ಖಾಲಿ ಸ್ಟ್ರಿಂಗನ್ನ ನಲ್ ಮಾಡೋ ನಲ್‌ಇಫ್ ಹಾಕಿ ಎರಡನ್ನೂ ಸೊನ್ನೆ ಸಾಲು ಮಾಡ್ತಾರೆ. ನಿಮ್ಮ ಆ್ಯಪ್‌ಗೆ ಅದು ಬೇಡ. ಸೊನ್ನೆ ಸಾಲು ಬಂದರೆ ಪುಟದಲ್ಲಿ "ಬಾಕಿ ಇಲ್ಲ" ಅಂತ ಕಾಣುತ್ತೆ, ಪೋಷಕರು ನಂಬಿ ಸುಮ್ಮನಾಗ್ತಾರೆ, ಆಮೇಲೆ ದಂಡ ಬೀಳುತ್ತೆ. ಎರಡನೇ ಟ್ರೂ ತೆಗೆದುಬಿಡಿ. ಆಗ ಸೆಟ್ ಆಗೇ ಇಲ್ಲದಿದ್ದರೂ ಎರರ್, ಖಾಲಿಯಾಗಿದ್ದರೂ ಎರರ್, ಎರಡೂ ನಿಮ್ಮ ಅಲರ್ಟ್‌ಗೆ ಬರ್ತವೆ.

ಶುಲ್ಕಪುಸ್ತಕ
ತೆಗೆದೆ. ಎರಡೂ ಕಡೆ ಎರರ್ ಬರ್ತಿದೆ. ಪರೀಕ್ಷಕಿಯವರ ಟೆಸ್ಟ್‌ಗೆ ಇದನ್ನೂ ಮೂರನೇದಾಗಿ ಸೇರಿಸ್ತಿದೀನಿ.